ಮೆಲುಕು ಕದ್ದ ಡಾಕ್ಟರು

ದನದ ಹೊಟ್ಟೆಯನ್ನು ಪುಸ್ತಕದಲ್ಲಿ ಓದಿ ಪಾಸಾದವನು ನಾನು. ಆದರೂ ಆ ಹೊಟ್ಟೆ ನನ್ನನ್ನು ಬೆರಗುಗೊಳಿಸದ, ಅದರ ಯಜಮಾನರು ನನ್ನನ್ನು ನಗಿಸದ ವಾರವೇ ಇರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಹೊಸತರಲ್ಲಿ ಪಶುವೈದ್ಯನಾದ ನನ್ನನ್ನು ಮೊದಲು ಕೊಚ್ಚಿಗೆ, ಆಮೇಲೆ ತಿರುವನಂತಪುರಕ್ಕೆ ಹಾಕಿದರು.

೧. ಗೇಟು ದಾಟದ ಹುಲ್ಲು

ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ ಮೈಸೂರು ಕಡೆಯ ಕಸ್ಟಮ್ಸ್ ಅಧಿಕಾರಿಯೊಬ್ಬರು ಹಸು ಕಟ್ಟಿದ್ದರು. ಅದುವರೆಗೆ ಅವರು ಹಾಲನ್ನು ಚೊಂಬಿನಲ್ಲಿ ಮಾತ್ರ ನೋಡಿದವರು. ಒಂದು ಮಧ್ಯಾಹ್ನ ಗಾಬರಿಯಿಂದ ಕರೆಸಿದರು.

"ಏನ್ರೀ ಡಾಕ್ಟ್ರೆ, ಹುಲ್ಲಿನ ಕೋಣೆಗೆ ನಾನೇ ಬೀಗ ಹಾಕಿದೀನಿ. ಗೇಟಿಂದ ಒಂದು ಕಡ್ಡೀನೂ ಒಳಗೆ ಬಂದಿಲ್ಲ. ಎರಡು ಗಂಟೆಯಿಂದ ಇದು ಏನನ್ನ ಅಗೀತಿದೆ?"

ಒಳಗೆ ನಾಲ್ಕು ಕೋಣೆಗಳಿವೆ, ಹಸು ಮೊದಲು ಗಬಗಬನೆ ನುಂಗಿ ದೊಡ್ಡ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಆಮೇಲೆ ತುತ್ತುತುತ್ತಾಗಿ ಮೇಲಕ್ಕೆ ತಂದು ಅಗಿಯುತ್ತದೆ ಎಂದೆ. ಅವರು ಬಾಯಿ ತೆರೆದುಕೊಂಡೇ ಕೇಳಿಸಿಕೊಂಡರು.

"ಅಂದ್ರೆ ಮೊದಲು ಗುಟ್ಟಾಗಿ ಒಳಗೆ ಸಾಗಿಸೋದು, ಆಮೇಲೆ ಪುರುಸೊತ್ತಾಗಿ ಹೊರಗೆ ತೆಗೆಯೋದು! ಇದೇ ಕೆಲಸಕ್ಕೆ ಮೊನ್ನೆ ಹಡಗಿನಲ್ಲಿ ಒಬ್ಬನನ್ನ ಹಿಡಿದೆ ಕಣ್ರೀ!"

೨. ಎಡಪಕ್ಕೆಯ ಗುಡುಗು

ಅವರನ್ನು ಕರೆದು ಹಸುವಿನ ಎಡಪಕ್ಕೆಗೆ ಕಿವಿ ಇಡಿಸಿದೆ. ಒಳಗೆ ಆ ದೊಡ್ಡ ಕೋಣೆ ಮಗುಚುವಾಗ ದೂರದ ಗುಡುಗಿನಂಥ ಸದ್ದು. ನೂರಾರು ಸಲ ಕೇಳಿದ ನನಗೇ ಇಂದಿಗೂ ಕೈಮುಗಿಯಬೇಕೆನಿಸುತ್ತದೆ, ಅವರಂತೂ ಮರುಳಾದರು. ದಿನಾ ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಹಸುವನ್ನು ತಬ್ಬಿ ನಿಂತು, ಗಡಿಯಾರ ನೋಡುತ್ತ ಆಲಿಸತೊಡಗಿದರು. ನೆರೆಮನೆಯ ಮಲಯಾಳಿ ಹೆಂಗಸು ಅವರ ಹೆಂಡತಿಯನ್ನು ಅಕ್ಕನೆಂದು ಕರೆದು, "ಚೇಚಿ, ಮನೇಲಿ ಎಲ್ಲ ಸರಿಯಾಗಿದೆಯಲ್ಲ?" ಎಂದು ವಿಚಾರಿಸಿದಳಂತೆ.

ಅಧಿಕಾರಿಯ ಹೆಂಡತಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಇಪ್ಪತ್ತು ವರ್ಷದಿಂದ ನಾನು ಬಾಯಿಬಿಟ್ಟು ಹೇಳಿದ್ದನ್ನ ಕೇಳದೇ ಇದ್ದೋರು, ಈಗ ಅದು ಹೊಟ್ಟೇಲಿ ಹೇಳೋದನ್ನ ಕೇಳ್ತಾರೆ!"

೩. ಪಕ್ಕದ ಮನೆಯ ಎಂಜಲು

ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಕಾಸರಗೋಡಿನವರೇ ಆದ ಸರಕಾರಿ ಗುಮಾಸ್ತರೊಬ್ಬರಿದ್ದರು. ಮೊಮ್ಮಗುವಿನ ನಾಮಕರಣದ ದಿನ ಅವರ ತಾಯಿ, ದನಕ್ಕೂ ಹಬ್ಬ ಬೇಡವೇ ಎಂದು ಉಳಿದ ಅನ್ನ, ಪಾಯಸವನ್ನೆಲ್ಲ ಅದಕ್ಕೆ ಸುರಿದಿದ್ದರು. ಮಾರನೆಯ ದಿನ ದನ ಮಲಗಿದ್ದು ಏಳಲಿಲ್ಲ, ಮೆಲುಕೂ ಇಲ್ಲ. ಕಿವಿ ಇಟ್ಟರೆ ಒಳಗೆಲ್ಲ ಮೌನ. ಅಮ್ಮ ಹನಿ ನೀರೂ ಮುಟ್ಟದೆ ಅದರ ತಲೆ ಸವರುತ್ತ ಕೂತಿದ್ದರು.

ಅನ್ನ, ಪಾಯಸ ಹೊಟ್ಟೆಯಲ್ಲಿ ಹುಳಿಯೆದ್ದಿತ್ತು. ಆ ಹುಳಿ ಇಳಿಯಲು ಅಡಿಗೆ ಸೋಡಾ ಕಲಸಿದ ನೀರು ಕುಡಿಸಿ, ಹೇಳಿದೆ: "ಹುಲ್ಲನ್ನು ಕರಗಿಸುವುದು ದನವಲ್ಲ ಅಮ್ಮ, ಅದರ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಕೋಟಿ ಜೀವಿಗಳು. ಹುಳಿಗೆ ಅವು ಸತ್ತಿವೆ. ಪಕ್ಕದ ಮನೆ ನರ್ಸಮ್ಮನ ದನ ಮೆಲುಕು ಹಾಕುವಾಗ ಅದರ ಬಾಯಿಂದ ಆ ಜೀವಿಗಳಿರುವ ತುತ್ತು ಕದ್ದು ಇದಕ್ಕೆ ಕುಡಿಸಬೇಕು."

"ಎಂಜಲೋ ಡಾಕ್ಟ್ರೇ? ಅದೂ ಮೀನು ತೊಳೆದ ನೀರು ಕುಡಿಯುವ ದನದ್ದು!"

"ಬೇರೆ ದಾರಿ ಇಲ್ಲ."

ಅಮ್ಮ ಮಗನ ಮುಖ ನೋಡಿದರು. ಮಗ ತೆಂಗಿನ ಮರ ನೋಡಿದರು. ದನ ಒಮ್ಮೆ ನರಳಿತು.

"ಹಾಗಾದ್ರೆ ಅದಕ್ಕೆ ಸ್ನಾನ ಮಾಡಿಸಿ ತನ್ನಿ," ಎಂದರು ಅಮ್ಮ.

ನರ್ಸಮ್ಮ ನಗುತ್ತಲೇ ದನ ಕರೆತಂದರು. ಅಮ್ಮ ತಾವೇ ಬಾವಿಯಿಂದ ಸೇದಿ ಅದರ ಮೇಲೆ ನಾಲ್ಕು ಕೊಡ ನೀರು ಸುರಿದು, ಬಾಯಿಗೊಂದು ತುಳಸಿ ಎಲೆ ಇಟ್ಟರು. ಅದು ತುಳಸಿ ನುಂಗಿ, ನಿಶ್ಚಿಂತೆಯಿಂದ ಮೆಲುಕು ಹಾಕತೊಡಗಿತು. ನಾನು ಕೈ ತೂರಿಸಿ ತುತ್ತು ತುತ್ತಾಗಿ ಕದ್ದು, ಬೆಚ್ಚಗಿನ ನೀರಿನಲ್ಲಿ ಕಲಸಿ, ಅಮ್ಮನ ದನಕ್ಕೆ ಕುಡಿಸಿದೆ.

ಮರುದಿನ ಬೆಳಿಗ್ಗೆ ಹೋದಾಗ ದನ ಎದ್ದು ನಿಂತಿತ್ತು. ನೋಡನೋಡುತ್ತಿದ್ದಂತೆ ಕತ್ತಿನಲ್ಲಿ ಒಂದು ಉಂಡೆ ಮೇಲೇರಿತು, ದವಡೆ ಅಲುಗಿತು. ಒಂದರ ಬಾಯಿಯ ತುತ್ತು ಇನ್ನೊಂದರ ಜೀವವಾಗಿತ್ತು. ಅಮ್ಮ ಗಳಗಳ ಅತ್ತೇಬಿಟ್ಟರು. ನಾನು ಇನ್ನೊಮ್ಮೆ ಪಕ್ಕದ ದನದ ಬಾಯಿಗೆ ಕೈ ಹಾಕಿ ಎರಡನೆಯ ಸರದಿಯನ್ನೂ ಕುಡಿಸಿದೆ.

ಅಮ್ಮ ಕಣ್ಣೊರೆಸಿಕೊಂಡು ನನಗೆ ಕಾಫಿ ತಂದರು. ಕೈ ತೊಳೆದು, ಸಂತೋಷದಲ್ಲಿ ಲೋಟವನ್ನು ತುಟಿಗಿಟ್ಟೆನೋ ಇಲ್ಲವೋ, ಅವರು ಕೂಗಿಕೊಂಡರು:

"ಅಯ್ಯಯ್ಯೋ, ಎತ್ತಿ ಕುಡೀರಿ ಮಾರಾಯ್ರೇ, ಲೋಟ ಎಂಜಲಾಗ್ತದೆ!"