ನಮ್ಮ ಕಾರಿನ ಜ್ವರ

ನನ್ನ ಕಾರಿಗೆ ಈಗ ಹದಿನೇಳು ವರ್ಷ. ಮುಂದಿನ ವರ್ಷ ಅದಕ್ಕೆ ಓಟಿನ ಹಕ್ಕು ಬರುತ್ತದೆ ಎಂದು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತೇನೆ. ಅಷ್ಟರೊಳಗೆ ಗುಜರಿಗೆ ಹೋಗಿರುತ್ತದೆ ಎಂದು ನನ್ನ ಹೆಂಡತಿ ಸುವರ್ಣಾ ತಿದ್ದುತ್ತಾಳೆ. ಹೈದರಾಬಾದಿನ ಮೆಹದಿಪಟ್ಟಣದಲ್ಲಿ ನಾಲ್ಕನೆಯ ಮಾಲೀಕನಾಗಿ ಪಟ್ಟಾಭಿಷೇಕ ಮಾಡಿಸಿಕೊಂಡು ನಾನು ಅದನ್ನು ತಂದಾಗಿನಿಂದ ಇರುವುದು ಒಂದೇ ದೋಷ: ಐದು ಕಿಲೋಮೀಟರ್ ಓಡಿದರೆ ಜ್ವರ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ, ಬಾನೆಟ್ಟಿನಿಂದ ಹಬೆ ಏಳುತ್ತದೆ, ಒಳಗೆ ನಮ್ಮ ಜಗಳ ಶುರುವಾಗುತ್ತದೆ.

ಮೆಕ್ಯಾನಿಕ್ಕಿಗೆ ತೋರಿಸಿ ಎಂದಳು. ಮೊಬೈಲಿನಲ್ಲಿ ಅರವತ್ತು ವಿಡಿಯೋ ನೋಡಿದ ನಾನು ಇನ್ನೊಬ್ಬರ ಮುಂದೆ ನಿಲ್ಲುವುದುಂಟೆ? ಮೊದಲು ಥರ್ಮೋಸ್ಟಾಟ್ ಬದಲಿಸಿದೆ. ಆಮೇಲೆ ಫ್ಯಾನಿನ ಮೋಟಾರು, ಅದಾದ ಮೇಲೆ ರೇಡಿಯೇಟರಿನ ಮುಚ್ಚಳ. ಪ್ರತಿಸಲವೂ ರೋಗ ಸಿಕ್ಕಿತು ಎಂದು ಘೋಷಿಸಿದೆ. (ರೋಗಕ್ಕೆ ಆ ಸುದ್ದಿ ಮುಟ್ಟಲಿಲ್ಲ.) ಗ್ರೀಸು ಮೆತ್ತಿದ ಬನಿಯನ್ನಿನಲ್ಲೇ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಓಡಾಡಿದೆ. ಆ ಕಪ್ಪು ಕಲೆಗಳ ಬಗ್ಗೆ ನನಗಿದ್ದ ಅಭಿಮಾನ ಹೇಳತೀರದು.

ಯಾದಗಿರಿಯಿಂದ ಅತ್ತೆ ಯಂಕಮ್ಮ ಬರುವ ದಿನ ಸುವರ್ಣಾ ಕೊನೆಯ ಮಾತು ಹೇಳಿಬಿಟ್ಟಳು. ಲಿಂಗಂಪಲ್ಲಿ ಸ್ಟೇಷನ್ನಿನಿಂದ ಮನೆಯವರೆಗೆ ಕಾರು ನಿಲ್ಲದೆ ಬಂದರೆ ಉಳಿಯುತ್ತದೆ, ನಿಂತರೆ ಮರುದಿನವೇ ಗುಜರಿ. ನಾನು ಒಪ್ಪಿದೆ. ಮೇ ತಿಂಗಳ ಬಿಸಿಲಾದರೂ ಎಂಜಿನ್ನಿಗೆ ಭಾರವಾದೀತೆಂದು ಏಸಿ ಮುಟ್ಟಗೊಡಲಿಲ್ಲ.

ಅರ್ಧ ದಾರಿಯಲ್ಲಿ, ಚಂದಾನಗರದಲ್ಲಿ, ಕಾರು ನಿಂತಿತು. ಸುವರ್ಣಾ ಮೊಬೈಲಿನಲ್ಲಿ ಗುಜರಿಯವನ ನಂಬರು ಹುಡುಕತೊಡಗಿದಳು. ಅತ್ತೆ ಇಳಿದು, ಸೆರಗು ಸಿಕ್ಕಿಸಿ, ಕಾರಿನ ಕೆಳಗೆ ಬಗ್ಗಿ ನೋಡಿದರು.

“ಅಳಿಯಂದ್ರ, ನೀರು ಸೋರಾಕತ್ತೈತಲ್ರಿ.”

“ಅದು ಏಸಿ ನೀರು, ಅತ್ತಿ. ಎಲ್ಲಾ ಕಾರಿನಾಗೂ ಸೋರತೈತಿ.”

“ಏಸಿ ಹಚ್ಚಬ್ಯಾಡಂತ ನನ್ನ ಬೇಯಿಸಿಕೋತ ಕರಕೊಂಡು ಬಂದೀರಿ. ಹಚ್ಚದ ಏಸಿ ನೀರು ಹ್ಯಾಂಗ ಬಿಡತೈತ್ರಿ?”

ಅರವತ್ತು ವಿಡಿಯೋ ನೋಡಿದ ನಾನು ಮೊದಲ ಸಲ ಕಾರಿನ ಕೆಳಗೆ ಬಗ್ಗಿ ನೋಡಿದೆ. ನಮ್ಮ ಮಾವ ಲಾರಿ ಓಡಿಸಿದವರು, ಅತ್ತೆ ಅದರ ಕ್ಯಾಬಿನ್ನಿನಲ್ಲೇ ಹತ್ತು ವರ್ಷ ಸಂಸಾರ ಮಾಡಿದವರು. ಇದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಕೇಳಬೇಕೆಂದು ಹೊಳೆದಿರಲಿಲ್ಲ.

ಎಂಜಿನ್ ಆರುವ ತನಕ ಮುಚ್ಚಳಕ್ಕೆ ಕೈ ಹಚ್ಚಬಾರದೆಂದು ನನ್ನನ್ನು ದೂರ ನಿಲ್ಲಿಸಿದರು. ಆಮೇಲೆ ಗಂಟು ಬಿಚ್ಚಿ, ಮಗಳಿಗೆಂದು ಕುಟ್ಟಿ ತಂದಿದ್ದ ಅರಿಶಿನವನ್ನು ಎರಡು ಚಮಚ ರೇಡಿಯೇಟರಿಗೆ ಹಾಕಿ ಬಾಟಲಿಯ ನೀರು ಸುರಿದರು. ಇದೇನು ಕಾರೋ ಸಾರೋ ಎಂದು ನಾನು ನಕ್ಕೆ. ಕಾರು ಶುರುವಾಯಿತು, ಹತ್ತು ನಿಮಿಷದಲ್ಲಿ ಅರಿಶಿನ ತೂತಿಗೆ ಮೆತ್ತಿಕೊಂಡು ಸೋರಿಕೆ ನಿಂತಿತು. ಮಿಯಾಪುರ ಮುಟ್ಟುವ ತನಕ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಅಮ್ಮ ಉಳಿಸಿದ ಕಾರನ್ನು ಮಾರುವುದಿಲ್ಲ ಎಂದು ಸುವರ್ಣಾ ನಂಬರು ಅಳಿಸಿದಳು. ನನಗೆ ಕಣ್ಣಲ್ಲಿ ನೀರೇ ಬಂತು.

ಮರುದಿನ ತೂತಿಗೆ ಬೆಸುಗೆ ಹಾಕಿಸಿದೆ. ಅದರ ಮರುದಿನ, ಸೋರಿಕೆಯನ್ನು ನಾನು ಹೇಗೆ ಪತ್ತೆಹಚ್ಚಿದೆ ಎಂಬ ವೃತ್ತಾಂತವನ್ನು ಮೂರನೆಯ ಮಹಡಿಯ ಪದ್ಮನಾಭನಿಗೆ ಸವಿಸ್ತಾರವಾಗಿ ಹೇಳಿದೆ. (ಅತ್ತೆಯ ಹೆಸರು ಸಮಯಾಭಾವದಿಂದ ಬಿಟ್ಟುಹೋಯಿತು.)

ಭಾನುವಾರ ಬೆಳಗ್ಗೆ ಪದ್ಮನಾಭ ಕೀ ಹಿಡಿದು ಬಾಗಿಲಿಗೆ ಬಂದ. ಅವನ ಕಾರಿಗೂ ಜ್ವರವಂತೆ. ನಾನು ಅಂಗಿಯ ತೋಳು ಮಡಚಿ ಮುಂದೆ ಬಂದೆ. ಅವನು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದ.

“ನಿಮ್ಮ ಅತ್ತಿಯವರು ಅದಾರೇನ್ರಿ? ಸುವರ್ಣಾ ಅಕ್ಕ ಎಲ್ಲಾ ಹೇಳ್ಯಾರ.”

ಅತ್ತೆ ಅಡಿಗೆಮನೆಯಿಂದ ಅರಿಶಿನದ ಡಬ್ಬಿ ಹಿಡಿದು ಹೊರಟೇಬಿಟ್ಟರು. ಲಿಫ್ಟಿನ ಬಾಗಿಲಲ್ಲಿ ನಿಂತು ನನ್ನತ್ತ ತಿರುಗಿದರು.

“ಅಳಿಯಂದ್ರ, ಒಂದು ಕೊಡ ನೀರು ತಗೊಂಡು ಬರ್ರಿ.”

ಹೊತ್ತು ತಂದೆ, ಒಂದು ಹನಿಯೂ ಚೆಲ್ಲದಂತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ನೀರು ಹೊರುವವರು ಇನ್ನೊಬ್ಬರಿದ್ದರೆ ತೋರಿಸಿ.