ಲಾವಣ್ಯಾಗೆ ಸೀಟಿಲ್ಲ

ವಡಾಲದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮೂರನೇ ಮಹಡಿಯ ಲಾವಣ್ಯಾಗೆ ಅವಳ ಸ್ವಂತ ಮನೆಯಲ್ಲೇ ಪ್ರವೇಶ ನಿರಾಕರಿಸಿದ್ದು ಸಂಪೂರ್ಣ ನಿಯಮಬದ್ಧವಾಗಿತ್ತು. ಹಾಗೆ ತೀರ್ಮಾನಿಸಿದ ಸಭೆಯಲ್ಲಿ ಕೈ ಎತ್ತಿದ ಕಮಿಟಿ ಸದಸ್ಯರಲ್ಲಿ ನಾನೂ ಒಬ್ಬ. ಆದ್ದರಿಂದ ನಡೆದದ್ದನ್ನು ಅಧಿಕೃತವಾಗಿ ಹೇಳಬಲ್ಲೆ.

ಅವಳ ತಾಯಿ ಮಹಾದೇವಿ ವಿಜಯಪುರದ ಕಡೆಯವಳು. ದೊಡ್ಡ ಮಕ್ಕಳಾದ ಈಶ್ವರ, ಸೌಮ್ಯಾ ಇಬ್ಬರಿಗೂ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ನಾಲ್ಕು ತುಂಬಿದ ಲಾವಣ್ಯಾಳನ್ನೂ ಪ್ಲೇಸ್ಕೂಲಿಗೆ ಕಳಿಸದೆ ಅವರ ಪಕ್ಕದಲ್ಲೇ ಕೂರಿಸಿದಳು. ರೊಟ್ಟಿ ಬಡಿಯುತ್ತಲೇ ಒಬ್ಬನಿಗೆ ಭಿನ್ನರಾಶಿ, ಇನ್ನೊಬ್ಬಳಿಗೆ ಮಗ್ಗಿ. ಚಿಕ್ಕವಳ ಕೈಗೆ ಜೋಳದ ಹಿಟ್ಟಿನ ಉಂಡೆ. ಅವಳು ಅದರಲ್ಲಿ ಅಕ್ಷರ ಮಾಡುತ್ತಿದ್ದಳು. ಅಣ್ಣನ ಪಾಠ ಕೇಳಿಸಿಕೊಂಡು ರೊಟ್ಟಿಯನ್ನು ಸರಿಯಾಗಿ ನಾಲ್ಕು ಪಾಲು ಮಾಡಿ ಮೂರನ್ನು ತಾನೇ ತಿನ್ನುತ್ತಿದ್ದಳು.

ದಿನವೂ ತಲೆಯ ಮೇಲೆ ಧಪಧಪ ಸದ್ದು ಎಂದು ಕೆಳಮನೆಯ ಶುಭಾಂಗಿ ದೂರು ಕೊಟ್ಟರು. ಸೆಕ್ರೆಟರಿ ಸದಾನಂದ ಶೆಟ್ಟರು ತನಿಖೆಗೆ ಹೋದರು.

"ಇದೆಂಥ ಸದ್ದು?"

"ರೊಟ್ಟಿ ಬಡಿಯೂದ್ರೀ."

"ಸದ್ದಾದ ಕೂಡ್ಲೇ ಮಕ್ಕಳು ಪುಸ್ತಕ ಮುಚ್ಚಿದ್ರಲ್ಲ?"

"ಹಸಿವಿ ಆಗಿರತೈತ್ರೀ."

ಶೆಟ್ಟರು "ಗಂಟೆ ಉಂಟು" ಎಂದು ಬರೆದುಕೊಂಡರು. ಗಂಟೆ ಇದ್ದ ಮೇಲೆ ಅದು ಶಾಲೆಯೇ. ಮರುದಿನ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಸೂಚನೆ ಬಂತು:

"ಆವರಣದೊಳಗಿನ ಶಾಲೆಯು ಲಿಫ್ಟ್ ಹಾಗೂ ನೀರಿನ ಟಾಕಿಯಂತೆ ಸಕಲ ಸದಸ್ಯರ ಸೌಲಭ್ಯವಾಗಿರುತ್ತದೆ. ಸದರಿ ಮನೆಯು ಶಾಲೆಯಲ್ಲವೆಂದಾದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸತಕ್ಕದ್ದು."

ರೊಟ್ಟಿ ಬಿಡುವ ಮಾತೇ ಇರಲಿಲ್ಲ. ಶಾಲೆ ಎಂದೇ ಮಹಾದೇವಿ ಸಹಿ ಹಾಕಿದಳು.

ಸೀಟುಗಳನ್ನು ನ್ಯಾಯವಾಗಿ ಹಂಚಲಾಯಿತು. ಶೆಟ್ಟರ ಮೊಮ್ಮಗನಿಗೆ ಫ್ಯಾನಿನ ಕೆಳಗೆ, ನನ್ನ ಮಗಳಿಗೆ ಕಿಟಕಿಯ ಬಳಿ. ಶುಭಾಂಗಿಯ ಅವಳಿ ಮಕ್ಕಳಿಗೂ ಜಾಗ ಸಿಕ್ಕಿದ ಮೇಲೆ ಅವರಿಗೆ ಧಪಧಪ ಸದ್ದು ಕೇಳಿಸುವುದು ನಿಂತುಹೋಯಿತು. ಸ್ವಜನಪಕ್ಷಪಾತದ ಮಾತು ಬರಬಾರದೆಂದು ಮುಖ್ಯೋಪಾಧ್ಯಾಯಿನಿ ಮಹಾದೇವಿಯ ಮಕ್ಕಳನ್ನು ಸೇರಿಸಬಾರದೆಂಬ ನಿಯಮವನ್ನೂ ಮಾಡಿದೆವು. ಈಶ್ವರ, ಸೌಮ್ಯಾ ಹಳೆಯ ವಿದ್ಯಾರ್ಥಿಗಳಾದ್ದರಿಂದ ವಿನಾಯಿತಿ ಪಡೆದರು. ಲಾವಣ್ಯಾ ಇಷ್ಟು ದಿನ ಕಲಿಯುತ್ತಿದ್ದಳೋ ಆಡುತ್ತಿದ್ದಳೋ ಎಂಬುದು ಇತ್ಯರ್ಥವಾಗದೆ ಸಂದರ್ಶನ ಇಟ್ಟೆವು.

"ನಿನ್ನ ಅಮ್ಮ ಎಂಥ ಮಾಡ್ತಾರೆ ಮಗಾ?" ಶೆಟ್ಟರು ಕೇಳಿದರು.

"ರೊಟ್ಟಿ ಮಾಡತಾಳ."

ತಾಯಿ ಶಾಲೆ ನಡೆಸುವ ಸಂಗತಿಯನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದಾಳೆಂದು ಅರ್ಜಿ ತಿರಸ್ಕೃತವಾಯಿತು.

"ಹಂಗಾರ ನನ್ನ ಕೂಸು ಎಲ್ಲಿ ಕುಂದ್ರಬೇಕ್ರೀ?" ಮಹಾದೇವಿ ಕೇಳಿದಳು. ನನಗೂ ಅಯ್ಯೋ ಎನಿಸಿತು. ಆದರೆ ಮಗಳ ಕಿಟಕಿಯ ಬಳಿಯ ಜಾಗ ನೆನಪಾಗಿ ಎತ್ತಿದ ಕೈ ಇಳಿಸಲಿಲ್ಲ.

"ಪ್ಯಾಸೇಜಿನಲ್ಲಿ ಕೂತ್ಕೊಳ್ಳಲಿ. ಅಡ್ಡಿಯಿಲ್ಲ," ಎಂದು ಶೆಟ್ಟರು ಉದಾರವಾಗಿ ಹೇಳಿದರು.

ಅಂದಿನಿಂದ ಲಾವಣ್ಯಾ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂರುತ್ತಾಳೆ. ಒಳಗೆ ಮಗ್ಗಿ ಹೇಳಿಕೊಟ್ಟರೆ ಉತ್ತರ ಹೊರಗಿನಿಂದ ಬರುತ್ತದೆ. ಅದನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಬೇಸರವಾದಾಗ ಬಂದವರ ಚಪ್ಪಲಿಗಳನ್ನು ಅದಲುಬದಲು ಜೋಡಿಸಿಡುತ್ತಾಳೆ. ಶೆಟ್ಟರು ಎರಡು ಸಲ ಶುಭಾಂಗಿಯ ಒಂದು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್‌ವರೆಗೆ ಹೋಗಿ ಬಂದಿದ್ದಾರೆ.

ಮೊನ್ನೆ ಶಾಲೆ ಬಿಟ್ಟಾಗ ಶೆಟ್ಟರೂ ನಾನೂ ಬಾಗಿಲಲ್ಲೇ ಇದ್ದೆವು. ಮಕ್ಕಳೆಲ್ಲ ಹೊರಬಂದ ಮೇಲೆ ಲಾವಣ್ಯಾ ಎದ್ದು, ಲಂಗ ಕೊಡವಿಕೊಂಡು, ತೆರೆದ ಬಾಗಿಲನ್ನೇ ತಟ್ಟಿದಳು.

"ಟೀಚರ್, ನಮ್ಮವ್ವ ಬಂದಾಳೇನ್ರೀ?"

ಮಹಾದೇವಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ನಮ್ಮ ಮುಖ ನೋಡಿದಳು. "ಈಗ ಬಂದ್ಳು ನೋಡವ್ವ," ಎಂದು ಮಗಳನ್ನು ಎತ್ತಿಕೊಂಡು ಬಾಗಿಲು ಹಾಕಿದಳು.

ಇಷ್ಟು ಚಿಕ್ಕ ಮಗುವಿಗೆ ನಿಯಮ ಎಷ್ಟು ಬೇಗ ತಿಳಿಯಿತು ಎಂದು ನಾವು ಮೆಚ್ಚಿಕೊಳ್ಳುತ್ತ, ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದೆವು.