ಒಂಬತ್ತು ಸೆಕೆಂಡಿನ ಸಿಗ್ನಲ್ಲು ಹಾಗೂ ಕೆಂಪು ಗುಂಡುಪಿನ್ನುಗಳ ಶಿಸ್ತು

ನಗರ ಪಾದಚಾರಿ ಗಾಯ ನಕ್ಷಾ ಇಲಾಖೆ
ಎರಡನೆಯ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ನಪಾಗಾ/ನಕ್ಷೆ/ಕೆಂಪು/63/ತಿದ್ದುಪಡಿಯ ತಿದ್ದುಪಡಿ

ವಿಷಯ: ಪಾದಚಾರಿಗಳು ಅತಿ ಹೆಚ್ಚು ಗಂಭೀರವಾಗಿ ಗಾಯಗೊಳ್ಳುವ ಬೀದಿಗಳ ನಕ್ಷೆ, ಸದರಿ ನಕ್ಷೆಯಿಂದ ಇಲಾಖೆಗೆ ಉಂಟಾದ ಮುಜುಗರ, ಹಾಗೂ ಕಚೇರಿಯ ಎದುರಿನ ಸಿಗ್ನಲ್ಲಿನ ಅವಧಿ ಕುರಿತು.

ಉಲ್ಲೇಖ: (1) ಈ ಕಚೇರಿಯ ಹಿಂದಿನ ಸುತ್ತೋಲೆ (ಹಿಂಪಡೆಯಲಾಗಿದೆ). (2) ಅದನ್ನು ಹಿಂಪಡೆದ ಸುತ್ತೋಲೆ (ಹುಡುಕಲಾಗುತ್ತಿದೆ). (3) ನಕ್ಷೆಗಾರ್ತಿಯವರ ಹದಿನೇಳು ಟಿಪ್ಪಣಿಗಳು (ಸ್ವೀಕರಿಸಲಾಗಿತ್ತು, ಓದಲಾಗಿರಲಿಲ್ಲ).

ಪ್ರಸ್ತಾವನೆ:

ಕಳೆದ ವರ್ಷ ನಗರದಲ್ಲಿ ಅರವತ್ತಮೂರು ಪಾದಚಾರಿಗಳು ಗಂಭೀರವಾಗಿ ಗಾಯಗೊಂಡಿದ್ದು, ತಲೆಗೊಂದರಂತೆ ಕೆಂಪು ಗುಂಡುಪಿನ್ನನ್ನು ನಕ್ಷೆಯ ಹಲಗೆಗೆ ಚುಚ್ಚಲು ಇಲಾಖೆಯ ನಕ್ಷೆಗಾರ್ತಿಯವರಿಗೆ ಆದೇಶಿಸಲಾಗಿತ್ತು. ನಮೂನೆಯನ್ನು ಎಲ್ಲಿ ಕುಳಿತು ತುಂಬಲಾಯಿತೋ ಅದನ್ನೇ ಸ್ಥಳದ ಕಾಲಮಿನಲ್ಲಿ ಬರೆಯುವುದು ಇಲಾಖೆಯ ಹಳೆಯ ಪದ್ಧತಿ. ಗುಮಾಸ್ತರು ಎಲ್ಲವನ್ನೂ ಆಸ್ಪತ್ರೆಯ ಜಗುಲಿಯಲ್ಲೇ ಕುಳಿತು ತುಂಬಿದ್ದರಿಂದ ಅರವತ್ತಮೂರು ಪಿನ್ನುಗಳೂ ಆಸ್ಪತ್ರೆಯ ಬೀದಿಗೇ ಬಿದ್ದವು. ಅದರಂತೆ ಸದರಿ ಬೀದಿಯು ನಗರದಲ್ಲೇ ಅತ್ಯಂತ ಅಪಾಯಕಾರಿಯೆಂದು ಘೋಷಿಸಿ, ಅದರಲ್ಲೂ ಕೈಕಾಲು ಮುರಿದುಕೊಂಡವರು ಅತ್ತ ಸುಳಿಯಲೇಬಾರದೆಂದು ಉಲ್ಲೇಖ (1)ರಲ್ಲಿ ಎಚ್ಚರಿಸಲಾಗಿತ್ತು. ಈ ಎಚ್ಚರಿಕೆ ಹನ್ನೊಂದು ದಿನ ಜಾರಿಯಲ್ಲಿತ್ತು.

ಹನ್ನೆರಡನೆಯ ದಿನ ನಕ್ಷೆಗಾರ್ತಿಯವರು ನಿರ್ದೇಶಕರ ಕೊಠಡಿಗೆ ಬಂದು, "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ಸಾರ್. ಜನ ಆಸ್ಪತ್ರೇಲಿ ಕಾಲು ಮುರ್ಕೊಳ್ಳಲ್ಲ, ಕಾಲು ಮುರ್ಕೊಂಡು ಆಸ್ಪತ್ರೆಗೆ ಹೋಗ್ತಾರೆ" ಎಂದು ಮೌಖಿಕವಾಗಿ, ಸ್ವಲ್ಪ ಗಟ್ಟಿಯಾಗಿಯೇ, ತಿಳಿಸಿರುತ್ತಾರೆ. ತದನಂತರ ರಜಾದಿನಗಳಲ್ಲಿ ಗಾಯಾಳುಗಳ ಮನೆಮನೆಗೆ ನಡೆದು, ಬಿದ್ದದ್ದು ಎಲ್ಲಿ ಎಂದು ಕೇಳಿ ಬಂದು ಪಿನ್ನುಗಳನ್ನು ಕಿತ್ತು ಚುಚ್ಚಿದ್ದಾರೆ. ಅರವತ್ತಮೂರರಲ್ಲಿ ಇಪ್ಪತ್ತೊಂಬತ್ತು ಪಿನ್ನುಗಳು ಒಂದೇ ಕಡೆ ಗುಂಪುಗೂಡಿದ್ದು, ಆ ಸ್ಥಳವು ಈ ಇಲಾಖೆಯ ಮುಖ್ಯದ್ವಾರದ ಎದುರಿನ ಪಾದಚಾರಿ ದಾಟು (ಜೀಬ್ರಾ ಪಟ್ಟೆ) ಆಗಿರುವುದು ವಿಷಾದನೀಯ. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತನ್ನು ಯಾರೂ ಇಲಾಖೆಯೊಳಗೆ ಆಡತಕ್ಕದ್ದಲ್ಲ.

ಆ ದಾಟಿನಲ್ಲಿ ಪಾದಚಾರಿಗಳಿಗೆ ಹಸಿರು ದೀಪ ಒಂಬತ್ತು ಸೆಕೆಂಡು ಮಾತ್ರ ಉರಿಯುತ್ತದೆ. ಅದನ್ನು ಮೂವತ್ತಕ್ಕೆ ಏರಿಸಬೇಕೆಂಬುದು ಉಲ್ಲೇಖ (3)ರ ಹದಿನೇಳೂ ಟಿಪ್ಪಣಿಗಳ ಏಕೈಕ ಕೋರಿಕೆ. ಅದನ್ನು ಕೂಲಂಕಷವಾಗಿ ಪರಿಶೀಲಿಸದೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಒಂದೇ ಸ್ಥಳದಲ್ಲಿ ಮೂರಕ್ಕಿಂತ ಹೆಚ್ಚು ಪಿನ್ನುಗಳು ಗುಂಪುಗೂಡತಕ್ಕದ್ದಲ್ಲ. ಹೆಚ್ಚುವರಿ ಪಿನ್ನುಗಳನ್ನು ಅಕ್ಕಪಕ್ಕದ ಬೀದಿಗಳಿಗೆ ಸಮನಾಗಿ ಹಂಚುವುದು. ಸದರಿ ಬೀದಿಗಳು ಸಹಕರಿಸುವುದು.

2. ಬಿದ್ದ ಕೂಡಲೇ ವಾಹನ ಚಾಲಕರನ್ನು ಎರಡು ವಾಕ್ಯಕ್ಕಿಂತ ಹೆಚ್ಚು ಬೈಯಲು ಶಕ್ತರಾದವರನ್ನು ಗಂಭೀರ ಗಾಯಾಳು ಎಂದು ಪರಿಗಣಿಸತಕ್ಕದ್ದಲ್ಲ. ಒಂದೇ ಉಸಿರಿನಲ್ಲಿ ಬೈದದ್ದನ್ನು ಒಂದೇ ವಾಕ್ಯವೆಂದು ಎಣಿಸುವುದು.

3. ಮೇಲಿನ ಅಂಶದನ್ವಯ ಗಾಯಾಳು ಸಂಖ್ಯೆ 44 ಅವರ ಪಿನ್ನನ್ನು ಕೀಳತಕ್ಕದ್ದು. ಇವರು ವೃತ್ತಿಯಲ್ಲಿ ದರ್ಜಿ, ಸಂಬಂಧದಲ್ಲಿ ನಕ್ಷೆಗಾರ್ತಿಯವರ ಅತ್ತೆ. ಮನೆ ರಸ್ತೆಯ ಈಚೆ, ಹೊಲಿಗೆ ಅಂಗಡಿ ಆಚೆ. ತೊಡೆಯ ಮೂಳೆ ಮುರಿದ ಸ್ಥಿತಿಯಲ್ಲೂ ಚಾಲಕನ ಮೂರು ತಲೆಮಾರನ್ನು ಸ್ಮರಿಸಿದ್ದಕ್ಕೆ ಸಾಕ್ಷಿಗಳಿದ್ದಾರೆ. ಈಗ ಊರುಗೋಲು ಹಿಡಿದು ನಡೆಯುತ್ತಿದ್ದು, ಒಂಬತ್ತು ಸೆಕೆಂಡಿನಲ್ಲಿ ದಾಟಲಾಗದೆ ಹತ್ತು ತಿಂಗಳಿಂದ ಅಂಗಡಿ ಮುಚ್ಚಿದೆ. ಅವರನ್ನು ದಾಟಿಸುವ ಸಲುವಾಗಿಯೇ ಸೊಸೆ ಹದಿನೇಳು ಟಿಪ್ಪಣಿ ಬರೆದದ್ದೆಂದು ತಿಳಿದುಬಂದಿದೆ. ಅತ್ತೆ ಸೊಸೆ ಇಬ್ಬರೂ ಒಂದೇ ಮಾತು ಹೇಳುತ್ತಿರುವುದು ಮೇಲ್ನೋಟಕ್ಕೇ ಅನುಮಾನಾಸ್ಪದವಾಗಿದ್ದು, ಪ್ರತ್ಯೇಕ ತನಿಖೆ ನಡೆಸುವುದು.

4. ಸಿಗ್ನಲ್ಲನ್ನು ನಿಧಾನಗೊಳಿಸುವ ಬದಲು ಸಾರ್ವಜನಿಕರನ್ನು ಚುರುಕುಗೊಳಿಸತಕ್ಕದ್ದು. ಇದಕ್ಕಾಗಿ ಕಚೇರಿಯ ಪಡಸಾಲೆಯಲ್ಲಿ ರಸ್ತೆಯ ಅಗಲದಷ್ಟೇ ಉದ್ದಕ್ಕೆ ಸುಣ್ಣದ ಗೆರೆ ಎಳೆದು ಸಿಬ್ಬಂದಿಯನ್ನು ಪರೀಕ್ಷಿಸಲಾಯಿತು. ನಿವೃತ್ತಿಗೆ ಎರಡು ತಿಂಗಳಿರುವ ಜವಾನರು ಹದಿನಾಲ್ಕು ಸೆಕೆಂಡು, ಹೆಡ್ ಕ್ಲರ್ಕ್ ಅವರು ನಡುವೆ ಫೋನ್ ಎತ್ತಿದ್ದೂ ಸೇರಿ ಮೂವತ್ತೊಂದು ಸೆಕೆಂಡು ತೆಗೆದುಕೊಂಡಿದ್ದಾರೆ. ನಿರ್ದೇಶಕರ ಪರೀಕ್ಷೆಯನ್ನು ಆಡಳಿತಾತ್ಮಕ ಕಾರಣಗಳಿಗಾಗಿ ಮುಂದೂಡಲಾಗಿದೆ.

5. (ಅಂಶ 1ರಿಂದ 4ರವರೆಗೆ ಇಂದು ಬೆಳಿಗ್ಗೆ ಹತ್ತೂವರೆಯೊಳಗೆ ಬೆರಳಚ್ಚಾಗಿರುತ್ತವೆ. ಹಾಳೆ ವ್ಯರ್ಥವಾಗಬಾರದೆಂದು ಉಳಿಸಿಕೊಳ್ಳಲಾಗಿದೆ. ಯಾರೂ ಪಾಲಿಸತಕ್ಕದ್ದಲ್ಲ. ಕಾರಣ ಮುಂದಿನ ಅಂಶದಲ್ಲಿದೆ.)

6. ಸ್ಥಳ ಪರಿಶೀಲನೆ: ಹನ್ನೊಂದು ಗಂಟೆಗೆ ನಿರ್ದೇಶಕರು ಖುದ್ದಾಗಿ ಸದರಿ ದಾಟಿಗೆ ದಯಮಾಡಿಸಿ, ಒಂಬತ್ತು ಸೆಕೆಂಡು ಧಾರಾಳವಾಗಿ ಸಾಕೆಂದು ತೋರಿಸಿಕೊಡಲು ಗಾಯಾಳು ಸಂಖ್ಯೆ 44 ಅವರ ಜೊತೆಯಲ್ಲಿ, ಅವರದೇ ನಡಿಗೆಯಲ್ಲಿ, ದಾಟತೊಡಗಿದರು. ನಕ್ಷೆಗಾರ್ತಿಯವರೂ ಜವಾನರೂ ನಕ್ಷೆಯ ಹಲಗೆ ಹೊತ್ತು ಹಿಂಬಾಲಿಸಿದರು. ಒಂಬತ್ತನೆಯ ಸೆಕೆಂಡಿಗೆ ನಿರ್ದೇಶಕರು ರಸ್ತೆಯ ಅರ್ಧವನ್ನೂ ಮುಟ್ಟಿರಲಿಲ್ಲ. ಲಾರಿಯೊಂದು ಹಾರನ್ ಹೊಡೆದಾಗ ಅವರು ನಡುವಿನ ಕಟ್ಟೆಗೆ ಹಾರಿದ್ದು, ಪ್ಯಾಂಟಿನ ಮಂಡಿ ಹರಿದಿರುತ್ತದೆ. ಕಟ್ಟೆಯ ಮೇಲೆ ಯಾರು ಯಾರ ಕೈ ಹಿಡಿದುಕೊಂಡಿದ್ದರು ಎಂಬ ಬಗ್ಗೆ ಮಹಜರಿನಲ್ಲಿ ಭಿನ್ನಾಭಿಪ್ರಾಯವಿದೆ.

"ಹೆದರ್ಬೇಡಿ ಸಾಹೇಬ್ರೇ, ನಾನಿದೀನಲ್ಲ" ಎಂದು ಗಾಯಾಳು ಧೈರ್ಯ ಹೇಳಿದರು.

"ದಿನಾ ಹೀಗೇನಾಮ್ಮಾ?" ಎಂದು ನಿರ್ದೇಶಕರು ವಿಚಾರಿಸಿದರು.

"ದಿನಾ ಎಲ್ಲಿ ಬರಕ್ಕಾಗುತ್ತೆ? ಇಲ್ಲೀವರೆಗೂ ಬಂದು, ಅಂಗಡಿ ಬೀಗ ನೋಡ್ಕೊಂಡು, ವಾಪಸ್ ಹೋಗೋದು. ಕಣ್ಣಿಗೆ ಕಾಣುತ್ತೆ, ಕಾಲಿಗೆ ಎಟಕಲ್ಲ."

ಉಳಿದರ್ಧ ರಸ್ತೆಗೂ ಒಂಬತ್ತು ಸೆಕೆಂಡು ಸಾಲದಾಯಿತು. ಹಸಿರು ದೀಪ ಮೂರು ಬಾರಿ ಬಂದು ಹೋಯಿತು. ಕಡೆಗೆ ನಕ್ಷೆಗಾರ್ತಿಯವರು ನಕ್ಷೆಯ ಹಲಗೆಯನ್ನೇ ರಸ್ತೆಗೆ ಅಡ್ಡಲಾಗಿ ಎತ್ತಿ ನಿಂತು, "ಸ್ವಲ್ಪ ನಿಲ್ರೀ, ನಮ್ಮತ್ತೆ ಬರ್ತಿದಾರೆ!" ಎಂದು ಕೂಗಿದರು. ವಾಹನಗಳು ನಿಂತವು. ಸದರಿ ನಕ್ಷೆಯಿಂದ ಸಾರ್ವಜನಿಕರಿಗಾದ ಮೊದಲ ಪ್ರಯೋಜನ ಇದಾಗಿದ್ದು, ಇಲಾಖೆಯು ಹರ್ಷ ವ್ಯಕ್ತಪಡಿಸುತ್ತದೆ.

7. ನಿಂತ ಹೊತ್ತನ್ನು ಬಿಟ್ಟು ನಡೆದ ಹೊತ್ತನ್ನಷ್ಟೇ ಲೆಕ್ಕ ಹಾಕಲಾಗಿ, ಪೂರ್ತಿ ದಾಟಲು ಗಾಯಾಳು ಸಂಖ್ಯೆ 44 ಅವರಿಗೆ ಇಪ್ಪತ್ತಾರು ಸೆಕೆಂಡು ಬೇಕು. ನಿರ್ದೇಶಕರಿಗೂ ಅಷ್ಟೇ ಬೇಕಾಯಿತು. ಆದ್ದರಿಂದ ಪಾದಚಾರಿಗಳ ಹಸಿರು ದೀಪ ಇನ್ನು ಮುಂದೆ ಮೂವತ್ತು ಸೆಕೆಂಡು ಉರಿಯತಕ್ಕದ್ದು. ಹೆಚ್ಚುವರಿ ನಾಲ್ಕು ಸೆಕೆಂಡು, ನಡುರಸ್ತೆಯಲ್ಲಿ ನಿಂತು ಅಂಗಡಿಯ ಬೀಗದ ಕೈ ತಂದಿದ್ದೇನೆಯೇ ಎಂದು ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳಲು.

8. ಸದರಿಯವರನ್ನು ಈ ಮೂಲಕ ಇಲಾಖೆಯ ಮಾದರಿ ಪಾದಚಾರಿಯೆಂದು ನೇಮಿಸಲಾಗಿದೆ. ನಗರದ ಯಾವುದೇ ಸಿಗ್ನಲ್ಲಿನ ಅವಧಿಯನ್ನು ಇನ್ನು ಮುಂದೆ ಇವರನ್ನು ನಡೆಸಿ ನೋಡಿಯೇ ನಿಗದಿಪಡಿಸುವುದು. ಅವಸರ ಮಾಡಿಸಿದ ಅಧಿಕಾರಿಯನ್ನು ಬೈಯುವ ಅಧಿಕಾರವನ್ನು ಇವರಿಗೆ ವಹಿಸಲಾಗಿದ್ದು, ವಾಕ್ಯಗಳಿಗೆ ಮಿತಿ ಇರುವುದಿಲ್ಲ.

9. ಹತ್ತು ತಿಂಗಳ ನಂತರ ಅಂಗಡಿಯ ಬಾಗಿಲು ತೆರೆದಿದೆ. ಮಾದರಿ ಪಾದಚಾರಿಯವರು ಸಂಜೆ ಐದೂವರೆಗೆ ಬಾಗಿಲು ಹಾಕಿ ಮನೆಗೆ ವಾಪಸ್ಸು ದಾಟಲಿದ್ದು, ಅದರೊಳಗೆ ಅಂಶ 7 ಜಾರಿಯಾಗತಕ್ಕದ್ದು. ಕಡತ, ಅನುಮೋದನೆ, ಸಭೆ ಇತ್ಯಾದಿಗಳನ್ನು ಆನಂತರ ನಿಧಾನವಾಗಿ ನೋಡಿಕೊಳ್ಳುವುದು.

(ಸಹಿ)
ನಿರ್ದೇಶಕರು
ಬಿಡಾರ: ಹೊಲಿಗೆ ಅಂಗಡಿಯ ಬೆಂಚು
(ಪ್ಯಾಂಟಿನ ಮಂಡಿ ಹೊಲಿಗೆಯಲ್ಲಿದ್ದು, ಮುಗಿಯುವವರೆಗೆ ಭೇಟಿಗೆ ಅವಕಾಶವಿಲ್ಲ.)

ಪ್ರತಿಗಳು:

1. ಸಿಗ್ನಲ್ ಮೆಕ್ಯಾನಿಕ್ ಅವರಿಗೆ: ಏಣಿ ಸಮೇತ ಕೂಡಲೇ ಹೊರಡಲು.
2. ಆಸ್ಪತ್ರೆಯ ಮುಖ್ಯಸ್ಥರಿಗೆ: ಕ್ಷಮೆಯೊಂದಿಗೆ. ಗಾಯಾಳುಗಳು ಎಂದಿನಂತೆ ಬರಬಹುದು. ಕಡಿಮೆ ಬರುವಂತೆ ಪ್ರಯತ್ನಿಸಲಾಗುತ್ತಿದೆ.
3. ಲಾರಿ ಚಾಲಕರಿಗೆ: ಮಾಹಿತಿಗಾಗಿ. ನಿಮ್ಮ ಮೂರು ತಲೆಮಾರಿನ ಬಗ್ಗೆ ನಿರ್ದೇಶಕರು ಆಡಿದ ಮಾತುಗಳನ್ನು ಕಡತಕ್ಕೆ ಸೇರಿಸಿಲ್ಲ.
4. ನಕ್ಷೆಗಾರ್ತಿಯವರಿಗೆ: ಹದಿನೇಳೂ ಟಿಪ್ಪಣಿಗಳನ್ನು ಈಗ ಓದಲಾಗಿದೆ.
5. ಅವರ ಅತ್ತೆಯವರಿಗೆ: ಸಂಜೆ ನಿಧಾನವಾಗಿ ಬನ್ನಿ ಎಂದು ತಿಳಿಸುವ ಸಲುವಾಗಿ.